'ಅನ್ನು' ಹಿಡಿದು 'ಡೇನ್' ತನಕ: ಜರ್ಮನ್ ಕಲಿತ ನನ್ನ ಅನುಭವ

ನಾನು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಊರು ಗದಗ. ಜರ್ಮನಿಯಲ್ಲಿ ನರ್ಸ್ ಕೆಲಸ ಮಾಡಬೇಕು ಅಂತ ಎರಡು ವರ್ಷದ ಹಿಂದೆ ಆ ಭಾಷೆ ಕಲಿಯಲು ಶುರು ಮಾಡಿದೆ. ಎ1, ಎ2, ಬಿ1 ಹಂತಗಳು ಮುಗಿದಿವೆ, ಈಗ ಬಿ2ಗೆ ಓದುತ್ತಿದ್ದೇನೆ. ಇಷ್ಟರಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಅಕ್ಕುಸಾಟೀವ್, ಅಂದರೆ ದ್ವಿತೀಯಾ ವಿಭಕ್ತಿ.

ಧಾರವಾಡದಲ್ಲಿ ಕ್ಲಾಸು. ನೈಟ್ ಡ್ಯೂಟಿ ಮುಗಿಸಿ ಚಿಗರಿ ಬಸ್ ಹತ್ತಿ ಹೋಗುತ್ತಿದ್ದೆ. ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ಜರ್ಮನ್‌ನಲ್ಲಿ ನಾಮಪದದ ಮುಂದೆ ಇಂಗ್ಲಿಷಿನ 'ದಿ' ಹಾಗೆ ಡೇರ್, ಡಿ, ಡಸ್ ಬರುತ್ತವೆ, 'ಎ' ಹಾಗೆ ಐನ್. 'ಡೈರೆಕ್ಟ್ ಆಬ್ಜೆಕ್ಟ್ (ಕರ್ಮಪದ) ಬಂದರೆ ಡೇರ್ ಹೋಗಿ ಡೇನ್ ಆಗುತ್ತದೆ' ಅಂತ ಹೇಳಿ ಒಂದು ಪಟ್ಟಿ ಬರೆಸಿದರು. ಪುಲ್ಲಿಂಗಕ್ಕೆ ಡೇರ್ ಇದ್ದದ್ದು ಡೇನ್, ಐನ್ ಇದ್ದದ್ದು ಐನೆನ್. ಸ್ತ್ರೀಲಿಂಗದ ಡಿ, ನಪುಂಸಕದ ಡಸ್, ಬಹುವಚನದ ಡಿ ಹಾಗೇ ಉಳಿಯುತ್ತವೆ. ಪಟ್ಟಿ ಒಂದೇ ದಿನದಲ್ಲಿ ಬಾಯಿಪಾಠ ಆಯಿತು. ಆದರೆ ಮಾತಾಡಲು ಬಾಯಿ ತೆರೆದರೆ ಡೇನ್ ಬರುತ್ತಲೇ ಇರಲಿಲ್ಲ. ಯಾಕಂದರೆ ನಾನು ಮೊದಲು ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿ, ಆಮೇಲೆ ಅದನ್ನು ಜರ್ಮನ್ ಮಾಡುತ್ತಿದ್ದೆ, ಇಂಗ್ಲಿಷಿನಲ್ಲಿ 'ದಿ' ಎಲ್ಲಿ ಕೂತರೂ 'ದಿ'ಯೇ ಅಲ್ವಾ.

ಒಂದು ರಜೆಗೆ ಗದಗಕ್ಕೆ ಹೋದಾಗ ಅಕ್ಕನ ಮಗಳು ಪರೀಕ್ಷೆಗೆ ಓದುತ್ತಿದ್ದಳು. 'ಚಿಗವ್ವ, ನಾ ಹೇಳ್ತೀನಿ, ತಪ್ಪಿದ್ರ ಹೇಳು' ಅಂತ ಶುರು ಮಾಡಿದಳು. ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ. ನಾನು ಅಲ್ಲೇ ತಡೆದೆ. ಅವಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದೆ: 'ಡಾಕ್ಟರು ರೋಗಿಯನ್ನು ಕರೆದರು.' ಕೆಳಗೆ ತಿರುಗಿಸಿ ಬರೆದೆ: 'ರೋಗಿಯನ್ನು ಡಾಕ್ಟರು ಕರೆದರು.' ಜಾಗ ಬದಲಾಯಿತು, ಆದರೆ ಕರೆದವರು ಡಾಕ್ಟರೇ. ಅದರ ಪಕ್ಕ ಜರ್ಮನ್: 'ಡೇರ್ ಆರ್ಟ್ಸ್ಟ್ ರೂಫ್ಟ್ ಡೇನ್ ಪಾಟ್ಸಿಯೆಂಟೆನ್.' ಅದನ್ನೂ ತಿರುಗಿಸಿದೆ: 'ಡೇನ್ ಪಾಟ್ಸಿಯೆಂಟೆನ್ ರೂಫ್ಟ್ ಡೇರ್ ಆರ್ಟ್ಸ್ಟ್.' ಇಲ್ಲೂ ಕರೆದವರು ಡಾಕ್ಟರೇ! ಯಾರು ಯಾರನ್ನು ಅನ್ನುವುದನ್ನು ಶಬ್ದದ ಜಾಗ ಹೇಳುತ್ತಿಲ್ಲ, ನಮ್ಮಲ್ಲಿ ಬಾಲದಲ್ಲಿರುವ 'ಅನ್ನು' ಹೇಳುತ್ತದೆ, ಅವರಲ್ಲಿ ತಲೆಯ ಮೇಲಿನ 'ಡೇನ್' ಹೇಳುತ್ತದೆ. ಪಾಟ್ಸಿಯೆಂಟ್ ಅನ್ನುವ ಶಬ್ದವಂತೂ ನಮ್ಮ ಹಾಗೆ ಬಾಲಕ್ಕೂ ಒಂದು 'ಎನ್' ಹಚ್ಚಿಕೊಳ್ಳುತ್ತದೆ. ಇಂಥ ಪುಲ್ಲಿಂಗ ಶಬ್ದಗಳು ಸ್ವಲ್ಪವೇ ಇವೆ, ಆದರೆ ನರ್ಸ್ ಆದವಳಿಗೆ ದಿನವಿಡೀ ಬೇಕಾಗುವುದು ಇದೇ.

ಇನ್ನೊಂದು ಅಲ್ಲೇ ಹೊಳೆಯಿತು. ನಾವೂ ಎಲ್ಲ ಕಡೆ 'ಅನ್ನು' ಹಚ್ಚುವುದಿಲ್ಲ. 'ನೀರು ಕುಡಿ', 'ಗುಳಿಗೆ ತಗೋ' ಅಂತೀವಿ. ಆದರೆ 'ಅವನು ಕರಿ' ಅನ್ನುವುದಿಲ್ಲ, 'ಅವನನ್ನ ಕರಿ' ಅನ್ನಲೇಬೇಕು. ಅಂದರೆ ನಮ್ಮಲ್ಲಿ ಮನುಷ್ಯರಿಗೆ ಗುರುತು ಬೇಕೇ ಬೇಕು, ವಸ್ತುವಿಗೆ ಬಿಟ್ಟರೂ ನಡೆಯುತ್ತದೆ. ಜರ್ಮನ್‌ನಲ್ಲಿ ಪುಲ್ಲಿಂಗಕ್ಕೆ ಮಾತ್ರ ಗುರುತು ಕಾಣುತ್ತದೆ, ಅದು ಮನುಷ್ಯನೇ ಇರಲಿ, ಮೇಜೇ ಇರಲಿ. ಆ ದಿನದಿಂದ ಇಂಗ್ಲಿಷ್ ಬಿಟ್ಟೆ. ವೇರ್ ಅಂದರೆ ಯಾರು, ವೇನ್ ಅಂದರೆ ಯಾರನ್ನು. ವೇರ್‌ಗೆ ಡೇರ್, ವೇನ್‌ಗೆ ಡೇನ್. ಪ್ರಶ್ನೆಯಲ್ಲೇ ಉತ್ತರದ ಸದ್ದು ಇದೆ.

ಸುಮಾರು ಒಂದು ತಿಂಗಳು ಖುಷಿಯಲ್ಲಿದ್ದೆ. ಆಮೇಲೆ ಒಂದು ಅಣಕು ಪರೀಕ್ಷೆಯಲ್ಲಿ ನನ್ನ ಪತ್ರ ಕೆಂಪು ಗೆರೆಗಳಿಂದ ತುಂಬಿ ವಾಪಸ್ ಬಂತು. ಹನ್ನೊಂದು ತಪ್ಪು. ಏಳು ತಪ್ಪು ಬರೀ ಡೇನ್, ಐನೆನ್ ಬಿಟ್ಟದ್ದು. ರಾತ್ರಿ ನರ್ಸಿಂಗ್ ಸ್ಟೇಷನ್ನಿನಲ್ಲಿ ಕೂತು ಆ ಏಳನ್ನೂ ಕನ್ನಡದಲ್ಲಿ ಬರೆದು ನೋಡಿದೆ. ಏಳರಲ್ಲಿ ಒಂದರಲ್ಲೂ 'ಅನ್ನು' ಇರಲಿಲ್ಲ!

'ನನಗೆ ಒಬ್ಬ ಅಣ್ಣ ಇದ್ದಾನೆ.' ಕನ್ನಡದಲ್ಲಿ ಅಣ್ಣ ಪ್ರಥಮಾ. ಜರ್ಮನ್ ಹೇಳುವುದು 'ಇಷ್ ಹಾಬೆ ಐನೆನ್ ಬ್ರೂಡರ್', ಅಲ್ಲಿ ಅಣ್ಣ ದ್ವಿತೀಯಾ. 'ನನಗೆ ಹಸಿವಿಲ್ಲ' ಅಂದರೆ 'ಇಷ್ ಹಾಬೆ ಕೈನೆನ್ ಹುಂಗರ್', ಹಸಿವು ಅವರಿಗೆ ಪುಲ್ಲಿಂಗ. ನಮ್ಮಲ್ಲಿ 'ನನಗೆ' ಬಂದು ಕೂತು, ವಸ್ತು ಸುಮ್ನೆ ಇದೆ, ಬೇಕು, ಇಲ್ಲ ಅನ್ನುವ ಕಡೆಯೆಲ್ಲ ಜರ್ಮನ್‌ನಲ್ಲಿ ಹೆಚ್ಚಾಗಿ 'ನಾನು' ಕರ್ತೃ ಆಗಿ ವಸ್ತುವನ್ನು ದ್ವಿತೀಯೆಗೆ ತಳ್ಳುತ್ತಾನೆ. 'ಇದೆ' ಅನ್ನಲು ಬಳಸುವ 'ಎಸ್ ಗಿಪ್ಟ್' ಅಂದರೂ ಅಷ್ಟೇ. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ 1507 ಮೀಟರಿನ ಪ್ಲಾಟ್‌ಫಾರ್ಮ್ ಇದೆಯಲ್ಲ, ಅದನ್ನು ಹೇಳಲು 'ಇನ್ ಹುಬ್ಬಳ್ಳಿ ಗಿಪ್ಟ್ ಎಸ್ ಐನೆನ್ ಲಾಂಗೆನ್ ಬಾನ್‌ಷ್ಟೈಗ್' ಅನ್ನಬೇಕು. ಪ್ಲಾಟ್‌ಫಾರ್ಮ್ ತನ್ನಷ್ಟಕ್ಕೆ ಇದೆ, ಅದಕ್ಕೆ ಯಾರೂ ಏನೂ ಮಾಡಿಲ್ಲ, ಆದರೂ ಐನೆನ್.

ಇನ್ನು 'ಗೆ' ಇರುವ ಕಡೆ. ಡ್ಯೂಟಿಯಲ್ಲಿ ನಾವು 'ಡಾಕ್ಟರಿಗೆ ಫೋನ್ ಹಚ್ಚು' ಅಂತೀವಿ, ಚತುರ್ಥಿ. ಅವರು 'ಇಷ್ ರೂಫೆ ಡೇನ್ ಆರ್ಟ್ಸ್ಟ್ ಆನ್' ಅಂತಾರೆ. 'ಪಾರ್ಕಿಗೆ ಹೋಗ್ತೀನಿ' ಅನ್ನಲು 'ಇನ್ ಡೇನ್ ಪಾರ್ಕ್'. ಹಾಗಂತ 'ಗೆ' ಬಂದಲ್ಲೆಲ್ಲ ಡೇನ್ ಹಾಕಿದರೂ ತಪ್ಪು. 'ರೋಗಿಗೆ ಸಹಾಯ ಮಾಡ್ತೀನಿ' ಅನ್ನುವಾಗ ಅವರದೂ ಡಾಟೀವ್, ಅಂದರೆ ಚತುರ್ಥಿಯೇ: 'ಇಷ್ ಹೆಲ್ಫೆ ಡೇಮ್ ಪಾಟ್ಸಿಯೆಂಟೆನ್'.

ಆ ರಾತ್ರಿ ಒಂದು ತೀರ್ಮಾನ ಮಾಡಿದೆ. ಕ್ರಿಯಾಪದ ಬರೆದುಕೊಳ್ಳುವಾಗ ಒಂಟಿಯಾಗಿ ಬರೆಯಬಾರದು, ನನ್ನ ಕೆಲಸದ ಒಂದು ಪುಲ್ಲಿಂಗ ಶಬ್ದದ ಜೊತೆಗೇ ಬರೆಯಬೇಕು. ಸ್ತ್ರೀಲಿಂಗ, ನಪುಂಸಕ ತಗೊಂಡರೆ ವಿಭಕ್ತಿ ಕಾಣುವುದೇ ಇಲ್ಲ. ಬಿಪಿ ಪಟ್ಟಿ ಸುತ್ತುವಾಗ 'ಇಷ್ ಮೆಸ್ಸೆ ಡೇನ್ ಬ್ಲೂಟ್‌ಡ್ರುಕ್'. ಡ್ರೆಸ್ಸಿಂಗ್ ಬದಲಿಸುವಾಗ 'ಇಷ್ ವೆಕ್ಸ್ಲೆ ಡೇನ್ ಫೆರ್ಬಾಂಟ್'. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ, ಒಂದು ಪಾಳಿಯಲ್ಲಿ ಒಂದೇ ವಾಕ್ಯ ಇಪ್ಪತ್ತು ಸಲ ಆಗುತ್ತಿತ್ತು.

ಇದರಲ್ಲಿ ಟ್ರೇ ನನಗೆ ಬಹಳ ಕಲಿಸಿತು. ಇಂಜೆಕ್ಷನ್ ಟ್ರೇ ಕೈಯಲ್ಲಿದೆ, ಮೇಜಿನ ಮೇಲೆ ಇಡುತ್ತಿದ್ದೇನೆ: 'ಔಫ್ ಡೇನ್ ಟಿಶ್'. ಕೈ ಬಿಟ್ಟೆ, ಟ್ರೇ ಈಗ ಮೇಜಿನ ಮೇಲೆ ಇದೆ: 'ಔಫ್ ಡೇಮ್ ಟಿಶ್'. ಕನ್ನಡದಲ್ಲಿ ಎರಡೂ 'ಮೇಜಿನ ಮೇಲೆ'. ಅವರಿಗೆ ಅಲ್ಲಿಗೆ ಹೋಗುವುದು ದ್ವಿತೀಯಾ, ಅಲ್ಲಿ ಇರುವುದು ಚತುರ್ಥಿ. ಇಡುವಾಗ ಡೇನ್, ಇಟ್ಟ ಮೇಲೆ ಡೇಮ್ ಅಂತ ಎಷ್ಟು ಸಲ ಟ್ರೇ ಎತ್ತಿ ಇಟ್ಟಿದ್ದೇನೋ. ಅಂದಹಾಗೆ ಟ್ರೇಗೆ ಅವರ ಶಬ್ದ ಡಸ್ ಟಾಬ್ಲೆಟ್, ಗುಳಿಗೆಗೆ ಡಿ ಟಾಬ್ಲೆಟೆ. ನರ್ಸ್‌ಗಳು ಇದನ್ನು ಮೊದಲ ವಾರದಲ್ಲೇ ಬೇರೆ ಮಾಡಿಕೊಳ್ಳಬೇಕು. ಡುರ್ಶ್ (ಮೂಲಕ), ಫ್ಯೂರ್ (ಸಲುವಾಗಿ), ಗೇಗೆನ್ (ವಿರುದ್ಧ), ಓನೆ (ಇಲ್ಲದೆ), ಉಮ್ (ಸುತ್ತ) ಈ ಐದರ ಮುಂದೆ ಯಾವಾಗಲೂ ದ್ವಿತೀಯಾ. ಇವನ್ನು ಮಾತ್ರ ಬಾಯಿಪಾಠ ಮಾಡಿದೆ.

ಕ್ಲಾಸಿಗೆ ಹೋಗುವಾಗ ಕಿಟೆಲ್ ಅವರು ಬಹಳ ನೆನಪಾಗುತ್ತಾರೆ. ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಭಾರತಕ್ಕೆ ಬಂದವರು, ಧಾರವಾಡದಲ್ಲೂ ಇದ್ದವರು, 1894ರಲ್ಲಿ ಕನ್ನಡ ನಿಘಂಟು ಕೊಟ್ಟವರು. ಡೇನ್ ಆಡುವ ಬಾಯಿಗೆ ಅವರೂ 'ಅನ್ನು' ಕಲಿಸಿರಬೇಕಲ್ಲ, ಇದೇ ಊರಿನ ಜನರ ಮಾತು ಕೇಳಿ.

ಬಿ1 ಪರೀಕ್ಷೆಯ ಮಾತಿನ ಭಾಗದಲ್ಲಿ ಮನೆಯವರ ಬಗ್ಗೆ ಕೇಳಿದರು. 'ಇಷ್ ಹಾಬೆ' ಅಂದೆ, ಒಂದು ಉಸಿರು ತಗೊಂಡೆ, 'ಐನೆನ್ ಬ್ರೂಡರ್' ಅಂದೆ. ಎದುರಿಗಿದ್ದವರು ತಲೆ ಆಡಿಸಿ ಮುಂದಿನ ಪ್ರಶ್ನೆಗೆ ಹೋದರು.