2 ಜಿಬಿ ಕಾರ್ಡಿನಲ್ಲಿ 4ಕೆ ಯಕ್ಷಗಾನ

ಡೊಂಬಿವಲಿಯ ನಮ್ಮ ಮನೆ ಕಂಪ್ಯೂಟರ್ ಹಳೆಯದು. ಗ್ರಾಫಿಕ್ಸ್ ಕಾರ್ಡಿಗೆ 2 ಜಿಬಿ ಮೆಮೊರಿ ಮಾತ್ರ. ಮಾಟುಂಗಾದಲ್ಲಿ ನಡೆದ ಯಕ್ಷಗಾನದ 4ಕೆ ವಿಡಿಯೊ ಹಾಕಿದರೆ ಚೆಂಡೆ ಮುಂದೆ ಓಡುತ್ತಿತ್ತು, ವೇಷ ಹಿಂದೆ ಉಳಿಯುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದರೆ ಕಾರ್ಡಿನ ಮೆಮೊರಿ ಪೂರ್ತಿ ಭರ್ತಿ.

ಲೆಕ್ಕ ನೋಡಿ. 4ಕೆ ಅಂದರೆ 3840×2160 ಚುಕ್ಕಿಗಳು. ಈ ಅಳತೆಯ, 10 ಬಿಟ್ ಬಣ್ಣದ ಫ್ರೇಮ್ (ವಿಡಿಯೊದ ಒಂದು ಚಿತ್ರ) ಒಂದಕ್ಕೇ ಸುಮಾರು 25 ಎಂಬಿ ಬೇಕು. ವಿಡಿಯೊ ಫೈಲನ್ನು ಬಿಚ್ಚಿ ಚಿತ್ರವಾಗಿಸುವ ಡಿಕೋಡರ್ ಇಂಥ ಹಲವು ಫ್ರೇಮ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ಲೇಯರ್ ಅದನ್ನೇ 16 ಬಿಟ್ ಫ್ಲೋಟಿನಲ್ಲಿ (ಬಣ್ಣವನ್ನು ಇನ್ನೂ ನಿಖರವಾಗಿ ಇಡುವ ರೀತಿ) ಇಟ್ಟರೆ ಒಂದಕ್ಕೆ 66 ಎಂಬಿ! ತುಂಬದೆ ಇರುತ್ತಾ?

ನಾನು ಬಳಸುವ ಎಂಪಿವಿ (mpv) ಎಂಬ ವಿಡಿಯೊ ಪ್ಲೇಯರಿನಲ್ಲಿ ಇಂಟರ್ಪೊಲೇಷನ್, ಅಂದರೆ ಫ್ರೇಮ್‌ಗಳನ್ನು ಬೆರೆಸಿ ಚಲನೆ ನಯಗೊಳಿಸುವುದನ್ನು, ನಿಲ್ಲಿಸಿದೆ. ಚಿತ್ರವನ್ನು ಪರದೆಯ ಅಳತೆಗೆ ಹೊಂದಿಸುವ ಸ್ಕೇಲರನ್ನು ಬೈಲೀನಿಯರ್ ಎಂಬ ಸರಳ ವಿಧಾನಕ್ಕೆ ಬದಲಿಸಿದೆ. ಪ್ಲೇಯರ್ ಚಿತ್ರವನ್ನು ಕಾರ್ಡಿನಲ್ಲಿ ತಾತ್ಕಾಲಿಕವಾಗಿ ಇಡುವ ರೂಪವನ್ನು (ಎಫ್‌ಬಿಒ ಫಾರ್ಮ್ಯಾಟ್) 8 ಬಿಟ್ಟಿಗೆ ಇಳಿಸಿದೆ. ಆಟ ಈಗ ಸಲೀಸು. ಕತ್ತಲ ದೃಶ್ಯಗಳಲ್ಲಿ ಬಣ್ಣ ಸ್ವಲ್ಪ ಪಟ್ಟೆಪಟ್ಟೆಯಾಗಿ ಕಾಣಬಹುದು, ನನಗೆ ಪರವಾಗಿಲ್ಲ. ಹಾರ್ಡ್‌ವೇರ್ ಡಿಕೋಡಿಂಗ್ (ಗ್ರಾಫಿಕ್ಸ್ ಕಾರ್ಡೇ ವಿಡಿಯೊ ಬಿಚ್ಚುವುದು) ಮಾತ್ರ ಸುಮ್ನೆ ಆಫ್ ಮಾಡಬೇಡಿ, ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ.