ಯೆಜ್ಡಿ ಕ್ರ್ಯಾಂಕ್‌ನ ‘ಪ್ಲೇ’ ಪರೀಕ್ಷಿಸುವುದು ಹೇಗೆ?

ಯೆಜ್ಡಿ ಎಂಜಿನ್ ಬಿಚ್ಚಿಸಿದವರಿಗೆ ‘ಅಷ್ಟು ಪ್ಲೇ (ಅಲ್ಲಾಟ) ಇರಲೇಬೇಕು ಸಾರ್’ ಎಂಬ ಮೆಕ್ಯಾನಿಕ್‌ನ ಮಾತು ಹೊಸದಲ್ಲ. ಅದು ಅರ್ಧ ಮಾತ್ರ ನಿಜ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ 250 ಸಿಸಿ ಟೂ ಸ್ಟ್ರೋಕ್ ಯೆಜ್ಡಿ ಬೈಕ್‌ಗಳಲ್ಲಿ, ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಉಕ್ಕಿನ ಚಕ್ರಗಳ ನಡುವೆ ಪಿನ್ನನ್ನು ಒತ್ತಿ ಕೂಡಿಸಿದ ಜೋಡಣೆ. ಅದರಲ್ಲಿ ಕೆಲವು ಅಲ್ಲಾಟಗಳು ಬೇಕು, ಕೆಲವು ಕೂಡದು.

ಮೊದಲು ಕ್ರ್ಯಾಂಕನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಬೇಕು. ಜಿಡ್ಡು ಉಳಿದರೆ ಬೇರಿಂಗಿನ ಸವೆತ ಕೈಗೆ ತಿಳಿಯುವುದಿಲ್ಲ. ಕ್ರ್ಯಾಂಕನ್ನು ಪಿಸ್ಟನ್ನಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ನೆಟ್ಟಗೆ ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ‘ಟಕ್’ ಎಂಬ ಸಣ್ಣ ಸದ್ದು ಬಂದರೂ ಬಿಗ್ ಎಂಡ್ (ರಾಡಿನ ಬುಡದ) ರೋಲರ್‌ಗಳೋ ಪಿನ್ನೋ ಸವೆದಿವೆ ಎಂದೇ ಲೆಕ್ಕ. ಪಕ್ಕಕ್ಕೆ ಮಾತ್ರ ರಾಡ್ ಸರಿದಾಡಲೇಬೇಕು, ಏಕೆಂದರೆ ಪೆಟ್ರೋಲಿನಲ್ಲಿ ಬೆರೆತ ಎಣ್ಣೆ ರೋಲರ್‌ಗಳನ್ನು ತಲುಪಲು ಆ ಸಂದು ಬೇಕು. ಅದನ್ನು ಬುಡದಲ್ಲಿ, ರಾಡ್ ಮತ್ತು ಚಕ್ರದ ನಡುವೆ, ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ತೂರಿಸಿ ಅಳೆದು ಕೈಪಿಡಿಯ ಅಂಕಿಯೊಡನೆ ಹೋಲಿಸಬೇಕು. ರಾಡಿನ ತುದಿ ಹಿಡಿದು ಅಲ್ಲಾಡಿಸಿ ಗಾಬರಿಪಡುವುದು ಬೇಡ. ರಾಡಿನ ಉದ್ದದಿಂದಾಗಿ ಬುಡದ ಕೂದಲೆಳೆಯಷ್ಟು ಸಂದು ಅಲ್ಲಿ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಹೊಸ ಪಿನ್ ಹಾಕಿಸಿದ ಮೇಲೆ ಲೇತ್ ಅಂಗಡಿಯಿಂದ ಕ್ರ್ಯಾಂಕನ್ನು ಹಾಗೆಯೇ ತರಬೇಡಿ. ಲೇತ್‌ನ ಎರಡು ಸೆಂಟರ್‌ಗಳ (ಚೂಪು ಮೊನೆಗಳ) ನಡುವೆ ಅದನ್ನು ನಿಲ್ಲಿಸಿ, ಬೇರಿಂಗ್ ಕೂರುವ ಜಾಗಕ್ಕೆ ಡಯಲ್ ಗೇಜ್ (ಸಣ್ಣ ಓಡಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ತಾಗಿಸಿ, ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಸೆಂಟರ್ ಕೂರುವ, ಶಾಫ್ಟಿನ ತುದಿಯ ಕುಳಿಯಲ್ಲಿ ಕಸವಿದ್ದರೆ ಅಳತೆಯೇ ಸುಳ್ಳಾಗುತ್ತದೆ. ಮುಳ್ಳು ಒಟ್ಟು 0.04 ಮಿ.ಮೀ. ಓಡಾಡಿದರೆ ಶಾಫ್ಟ್ ನಡುವಿನಿಂದ 0.02 ಮಿ.ಮೀ. ಸರಿದಿದೆ ಎಂದರ್ಥ. ನಾನಂತೂ ಒಟ್ಟು ಓಡಾಟ 0.03ರೊಳಗೆ ಬರುವವರೆಗೆ ಒಪ್ಪುವುದಿಲ್ಲ. ತಿದ್ದುವಾಗ ತಾಮ್ರದ ಸುತ್ತಿಗೆಯ ಪೆಟ್ಟು ಚಕ್ರದ ಅಂಚಿಗೆ ಬೀಳಬೇಕೇ ಹೊರತು ಶಾಫ್ಟಿಗಲ್ಲ.

ಶಾಫ್ಟನ್ನು ಹೊರುವ ಮೇನ್ ಬೇರಿಂಗಿನ ಹೊರಸುತ್ತು ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಎಂಜಿನ್ ಕೇಸಿನಲ್ಲೇ ತಿರುಗಿದೆ. ಹೊಸ ಬೇರಿಂಗ್ ಹಾಕಿದರೂ ಕೇಸಿನ ಕುಳಿ ಸರಿಪಡಿಸದೆ ಪ್ರಯೋಜನವಿಲ್ಲ. ಕಾರ್ಖಾನೆ ಸೂಚಿಸಿದ್ದು ಸಿ3 ಗುರುತಿನದಾದರೆ ಅದನ್ನೇ ತರಬೇಕು. ಬಿಗಿಯಾಗಿ ಕೂತಾಗ ಒಳಸಂದು ಕಿರಿದಾಗುವುದರಿಂದ ಅದರಲ್ಲಿ ಮೊದಲೇ ಹೆಚ್ಚು ಸಂದು ಇಟ್ಟಿರುತ್ತಾರೆ.

ಕೇಸ್ ಮುಚ್ಚಿ ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿದ ಮೇಲೆ ಕ್ರ್ಯಾಂಕ್ ಕೈಯಿಂದ ಸಲೀಸಾಗಿ ತಿರುಗಬೇಕು. ಬಿಗಿಯೆನಿಸಿದರೆ ಶಾಫ್ಟಿನ ತುದಿಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಆಗಲೂ ಸಡಿಲವಾಗದಿದ್ದರೆ ಕೇಸ್ ಬಿಚ್ಚಿ ಬೇರಿಂಗ್‌ಗಳು ಬುಡದವರೆಗೆ ಕೂತಿವೆಯೇ ಎಂದು ನೋಡಬೇಕು.