ಇಮ್ಯಾಕ್ಸ್ ಡೈರಿಗೆ ಅಮಾವಾಸ್ಯೆ ಕಲಿಸಿದೆ: ನನ್ನ ಅನುಭವ

"ಕಾಕಾ, ಫೋನಿನ್ಯಾಗ ಎಲ್ಲಾ ಅದ. ಇದ್ಯಾಕ ಬೇಕು ನಿಮಗ?" ಅಂತ ನಮ್ಮ ಅಣ್ಣನ ಮಗ ಎರಡು ವರ್ಷ ಕೇಳಿದ. ಇದು ಅಂದರೆ ಇಮ್ಯಾಕ್ಸ್, ಕಂಪ್ಯೂಟರಿನಲ್ಲಿ ಬರಹ ತಿದ್ದುವ ತಂತ್ರಾಂಶ. ಅದರೊಳಗೊಂದು ಡೈರಿ ಇದೆ, ಒಂದೊಂದು ಸಾಲಿನಲ್ಲಿ ನಿಯಮ ಬರೆದಿಟ್ಟರೆ ಆಯಾ ದಿನ ನೆನಪಿಸುತ್ತದೆ. ಅವನು ಈಗ ಕೇಳೋದು ಬಿಟ್ಟಿದ್ದಾನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಗದಗದಲ್ಲಿ ಲೆಕ್ಕಪತ್ರದ ಕೆಲಸ. ನಲವತ್ತರ ಸುಮಾರು ಅಂಗಡಿಗಳ ಜಿಎಸ್‌ಟಿ, ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ನೋಡುತ್ತೇನೆ. ತಾರೀಖು ತಪ್ಪಿದರೆ ದಂಡ ನನ್ನ ಜೇಬಿನಿಂದಲೇ. ಹಿಂದೆ ಒಂದು ಆ್ಯಪ್‌ಗೆ ವರ್ಷಕ್ಕೆ ಎರಡು ಸಾವಿರದ ಹತ್ತಿರ ಕೊಡುತ್ತಿದ್ದೆ. ಜಿಎಸ್‌ಟಿ ರಿಟರ್ನ್‌ಗೆ "ಪ್ರತಿ ತಿಂಗಳು 20" ಅನ್ನೋದು ಅದಕ್ಕೆ ಗೊತ್ತು. "20 ಭಾನುವಾರ ಬಿದ್ದರೆ ಶನಿವಾರವೇ ಹೇಳು, ಆ ಶನಿವಾರ ಬ್ಯಾಂಕ್ ರಜೆಯಾದರೆ ಶುಕ್ರವಾರ ಹೇಳು" ಅಂದರೆ ಗೊತ್ತಿಲ್ಲ.

ಅದಕ್ಕೇ ಇಮ್ಯಾಕ್ಸ್ ಡೈರಿಗೆ ಬಂದೆ. ಸುಲಭದ್ದು ಮೊದಲ ದಿನವೇ ಆಯಿತು. 2015ರ ಸೆಪ್ಟೆಂಬರ್‌ನಿಂದ ಬ್ಯಾಂಕಿಗೆ ಎರಡನೇ, ನಾಲ್ಕನೇ ಶನಿವಾರ ರಜೆ ಅಲ್ವಾ? ಅದಕ್ಕೆ %%(ಡೈರಿ-ಫ್ಲೋಟ್ ಟಿ 6 2) ಒಂದು ಸಾಲು (ಟಿ ಅಂದರೆ ಪ್ರತಿ ತಿಂಗಳು, 6 ಶನಿವಾರ, 2 ಎರಡನೆಯದು), ಕೊನೆಯಲ್ಲಿ 4 ಹಾಕಿ ಇನ್ನೊಂದು. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ಅಂಗಡಿಗಳಿಗೆ ನಮ್ಮ ರಾಜ್ಯದಲ್ಲಿ 22ನೇ ತಾರೀಖು. ಅಲ್ಲಿ ತಾರೀಖು ಹೇಳುವ ಡೈರಿ-ಡೇಟ್‌ಗೆ ತಿಂಗಳಿನ ಜಾಗದಲ್ಲಿ 1, 4, 7, 10 ಅಂತ ಪಟ್ಟಿಯನ್ನೇ ಕೊಟ್ಟೆ.

ಏಟು ಬಿದ್ದದ್ದು ಟಿಡಿಎಸ್‌ನಲ್ಲಿ. ಕಟ್ಟೋದು 7ಕ್ಕೆ, ನನಗೆ 5ಕ್ಕೇ ನೆನಪಾಗಬೇಕು. ತಾರೀಖಿನ ಶೈಲಿಯನ್ನು, ದಿನ ಮೊದಲು ಬರುವ ಯುರೋಪಿಯನ್‌ಗೆ ಬದಲಿಸಿದ್ದೆ. ಹಾಗಾಗಿ ಡೈರಿ ಆಯಾ ದಿನದ ತಾರೀಖು ಇಡುವ ಡೇಟ್ ಎಂಬ ಪಟ್ಟಿಯಲ್ಲೂ ಮೊದಲು ದಿನ ಬರುತ್ತದೆ ಅಂದುಕೊಂಡೆ. ಮೊದಲ ಅಂಕೆ 5 ಇದ್ದರೆ ಕೂಗು ಅಂತ ಬರೆದೆ. ಶೈಲಿ ಯಾವುದೇ ಇರಲಿ, ಆ ಪಟ್ಟಿಯಲ್ಲಿ ಮೊದಲು ತಿಂಗಳೇ. ಜುಲೈ 5ಕ್ಕೆ ಡೈರಿ ಸುಮ್ನೆ ಕೂತಿತ್ತು. ಒಂದು ಅಂಗಡಿಯ ಸುಮಾರು 42,000 ರೂಪಾಯಿ ಒಂದು ದಿನ ತಡವಾಗಿ, 8ಕ್ಕೆ ಹೋಯಿತು. ತಿಂಗಳಿಗೆ ಒಂದೂವರೆ ಪರ್ಸೆಂಟ್ ಬಡ್ಡಿ, ತಿಂಗಳ ತುಂಡನ್ನೂ ಪೂರ್ತಿ ತಿಂಗಳು ಅಂತಲೇ ಹಿಡೀತಾರೆ. ತೆರಿಗೆ ಹಿಡಿದದ್ದು ಜೂನ್‌ನಲ್ಲಿ, ಹಾಗಾಗಿ ಜೂನ್, ಜುಲೈ ಎರಡೂ ಸೇರಿ ಸಾವಿರದ ಇನ್ನೂರರ ಮೇಲೆ ಕಟ್ಟಿದೆ. ಆ ರಾತ್ರಿ ಕ್ಯಾಲೆಂಡರನ್ನು ಮುಂದಿನ ಮೇ ತಿಂಗಳಿಗೆ ಓಡಿಸಿ, ಆ ದಿನದ ನೆನಪುಗಳನ್ನು ತೋರಿಸುವ ಡಿ ಕೀಲಿ ಒತ್ತುತ್ತಾ ಹೋದೆ. ಮೇ 1ರಿಂದ 31ರ ತನಕ ಪ್ರತಿ ದಿನವೂ "ಟಿಡಿಎಸ್ ಕಟ್ಟು"! ತಪ್ಪು ಎಲ್ಲಿದೆ ಅಂತ ಆಗ ತಿಳಿಯಿತು.

ಅಲ್ಲಿಂದ ಒಂದು ಪದ್ಧತಿ ಮಾಡಿಕೊಂಡೆ. ಹೊಸ ಸಾಲು ಬರೆದರೆ ಮುಂದಿನ ಹನ್ನೆರಡು ತಿಂಗಳೂ ಓಡಿಸಿ ನೋಡದೆ ನಂಬೋದಿಲ್ಲ. "ಮುಂದಿನ ತಾರೀಖು ಯಾವುದು" ಅಂತ ಲೆಕ್ಕ ಹಾಕಲೂ ಹೋಗೋದಿಲ್ಲ. ಡೈರಿ ಪ್ರತಿ ದಿನಕ್ಕೂ "ಇವತ್ತೇನಾ?" ಅಂತ ಕೇಳುತ್ತದೆ. ಹೌದು, ಇಲ್ಲ ಅಷ್ಟೇ ಹೇಳಬೇಕು. ಹೀಗೆ ಯೋಚಿಸಿದ ಮೇಲೆ ರಜೆ ತಪ್ಪಿಸುವ ಫಂಕ್ಷನ್ (ಸಣ್ಣ ಪ್ರೋಗ್ರಾಂ) ಹತ್ತು ಸಾಲಿನಲ್ಲಿ ಮುಗಿಯಿತು.

ಇನ್ನು ಅಮಾವಾಸ್ಯೆ. ನನ್ನ ಅಂಗಡಿಯವರಲ್ಲಿ ಅರ್ಧ ಜನ ಅವತ್ತು ಪೂಜೆ ಮುಗಿಸಿ ಬಾಗಿಲು ಹಾಕುತ್ತಾರೆ. ಬಿಲ್ಲು ಕೊಡೋದಿಲ್ಲ, ಸಹಿ ಹಾಕೋದಿಲ್ಲ. ಇಮ್ಯಾಕ್ಸ್‌ನಲ್ಲಿ ಚಂದ್ರನ ಲೆಕ್ಕ ಬಹಳ ಹಿಂದಿನಿಂದಲೂ ಇದೆ, ಅಮಾವಾಸ್ಯೆ ಹುಣ್ಣಿಮೆ ತೋರಿಸುವ ಡೈರಿ-ಲೂನಾರ್-ಫೇಸಸ್ ಹಾಕಿ ನೆಮ್ಮದಿಯಾಗಿದ್ದೆ. 2024ರ ಎಳ್ಳು ಅಮಾವಾಸ್ಯೆಗೆ ಅದು ಡಿಸೆಂಬರ್ 31 ಅಂತ ತೋರಿಸಿತು. ವಾರ್ಷಿಕ ರಿಟರ್ನ್‌ಗೂ 31ನೇ ತಾರೀಖೇ ಕೊನೆಯ ದಿನ. ಹಾಗಾಗಿ 30ಕ್ಕೇ ಕೆಲಸ ಮುಗಿಸೋಣ ಅಂತ ಸಾವಿರದ ಎಂಟು ನೂರು ಕೊಟ್ಟು ಬಾಡಿಗೆ ಕಾರು ಮಾಡಿ ಹಳ್ಳಿಗಳಿಗೆ ಹೋದೆ. ಅಂಗಡಿಗಳಿಗೆ ಬೀಗ. ಊರಿಗೆ ಊರೇ ಹೊಲದಲ್ಲಿ ಚರಗ (ಬೆಳೆಗೆ ಎರಚುವ ನೈವೇದ್ಯ) ಚೆಲ್ಲುತ್ತಿತ್ತು. ಒಬ್ಬರು ಸಜ್ಜೆ ರೊಟ್ಟಿ, ಭಜ್ಜಿ ಬಡಿಸಿ "ನಾಳೆ ಬರ್ರಿ ಸರ" ಅಂದರು. ಮರುದಿನ ರಾತ್ರಿ ಹನ್ನೊಂದರ ತನಕ ಕೂತು ಮುಗಿಸಿದೆ.

ಇಮ್ಯಾಕ್ಸ್ ಲೆಕ್ಕ ತಪ್ಪಿರಲಿಲ್ಲ. ಸೂರ್ಯ ಚಂದ್ರ ಕೂಡಿದ್ದು 31ರ ಬೆಳಗಿನ ಜಾವ ನಾಲ್ಕಕ್ಕೆ. ಆದರೆ ಆ ಹೊತ್ತಿಗೆ ತಿಥಿ ಮುಗಿಯುತ್ತದೆ, ಶುರುವಾಗೋದಲ್ಲ. ಸೂರ್ಯ ಹುಟ್ಟುವ ಮೊದಲೇ ಮುಗಿದರೆ ಅಮಾವಾಸ್ಯೆ ಹಿಂದಿನ ದಿನದ್ದು. ಅದಕ್ಕೆ ಲೂನಾರ್-ನ್ಯೂ-ಮೂನ್-ಆನ್-ಆರ್-ಆಫ್ಟರ್ ಕೊಡುವ ಹೊತ್ತಿನಿಂದ ಆರು ತಾಸು ಕಳೆದು, ಆಗ ಬರುವ ದಿನವನ್ನು ತೆಗೆದುಕೊಂಡೆ. ಎರಡೇ ತಿಂಗಳಿಗೆ ಅದೂ ಕೈಕೊಟ್ಟಿತು. 2025ರ ಫೆಬ್ರುವರಿ 28ರಂದು ಅಮಾವಾಸ್ಯೆ ಮುಗಿದದ್ದು ಬೆಳಿಗ್ಗೆ ಆರೂ ಕಾಲಕ್ಕೆ. ನಮ್ಮಲ್ಲಿ ಅವತ್ತು ಸೂರ್ಯ ಬರೋದು ಆರೂವರೆ ದಾಟಿದ ಮೇಲೆ! ಕೊನೆಗೆ ಅಕ್ಷಾಂಶ 15.4, ರೇಖಾಂಶ 75.6 ಹಾಕಿ, ಸೋಲಾರ್-ಸನ್‌ರೈಸ್-ಸನ್‌ಸೆಟ್ ಫಂಕ್ಷನ್‌ನಿಂದಲೇ ಆಯಾ ದಿನದ ಸೂರ್ಯೋದಯ ತೆಗೆದೆ. ಆಮೇಲೆ ಭೀಮನ ಅಮಾವಾಸ್ಯೆ ಜುಲೈ 24, ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21, ಎರಡೂ ಸರಿ ಬಂದವು. ಎರಡರಲ್ಲೂ ತಿಥಿ ಮುಗಿದದ್ದು ನಡುರಾತ್ರಿ ದಾಟಿದ ಮೇಲೆ. ಮೊದಲಿನ ಡೈರಿ-ಲೂನಾರ್-ಫೇಸಸ್ ಸಾಲೇ ಇದ್ದಿದ್ದರೆ ಎರಡೂ ಒಂದೊಂದು ದಿನ ಮುಂದೆ ಹೋಗುತ್ತಿದ್ದವು. ಇದೆಲ್ಲ ದೃಗ್ಗಣಿತದ, ಅಂದರೆ ಆಕಾಶದಲ್ಲಿ ಕಾಣುವುದಕ್ಕೆ ಹೊಂದುವ ಲೆಕ್ಕ. ನಿಮ್ಮ ಮನೆಯದು ಹಳೆಯ ಸೂರ್ಯಸಿದ್ಧಾಂತ ಗ್ರಂಥದ ಲೆಕ್ಕದ ಪಂಚಾಂಗವಾದರೆ ಹೊತ್ತು ಬೇರೆ ಬರುತ್ತದೆ.

ನಡುವೆ ಸಂಕಷ್ಟಿಗೂ ಕೈ ಹಾಕಿದ್ದೆ, ಹೆಂಡತಿಗಾಗಿ. ಅಮಾವಾಸ್ಯೆಯಿಂದ ಇಷ್ಟು ದಿನ ಅಂತ ಎಣಿಸಿದರೆ ನಿಲ್ಲೋದಿಲ್ಲ. ಚಂದ್ರ ಹುಟ್ಟುವ ಹೊತ್ತಿಗೆ ಚೌತಿ ಇರಬೇಕು. ಒಂದು ವಾರ ಹೆಣಗಿ ಬಿಟ್ಟೆ, ಈಗ ಗೋಡೆ ಕ್ಯಾಲೆಂಡರ್ ನೋಡಿ ಕೈಯಲ್ಲೇ ಬರೆಯುತ್ತೇನೆ. ಇನ್ನೊಂದು ಮಾತು, ಇಂಥ ಸಾಲುಗಳ ಮುಂದೆ & ಹಾಕಿ. ಇಲ್ಲದಿದ್ದರೆ ನೆನಪಿರುವ ದಿನಗಳಿಗೆ ಗುರುತು ಹಾಕುವಾಗ ಕ್ಯಾಲೆಂಡರ್ ಒಂದೊಂದು ದಿನಕ್ಕೂ ಎಲ್ಲ ಲೆಕ್ಕ ಮಾಡುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪ್ ಮೂರು ತಿಂಗಳು ತೋರಿಸಲು ಅರ್ಧ ನಿಮಿಷ ತೆಗೆದುಕೊಳ್ಳುತ್ತಿತ್ತು.

ತಿಥಿ ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ ಉಳಿದರೆ ಯಾವ ದಿನ ಅನ್ನೋದರಲ್ಲಿ ಒಮ್ಮತ ಇರೋದಿಲ್ಲ. ಅಂಥ ಕಡೆ ನನ್ನ ಡೈರಿ ಎರಡೂ ದಿನ ತೋರಿಸಿ, ಪಕ್ಕದಲ್ಲಿ "ಅರ್ಚಕರನ್ನು ಕೇಳು" ಅನ್ನುತ್ತದೆ. ಸ್ವಲ್ಪ ಹೊತ್ತು ಅಂದರೆ ಎಷ್ಟು ತಾಸು ಅನ್ನೋದು ನನ್ನ ಹತ್ತಿರವೇ ಇರಲಿ. 2026ರ ಅಧಿಕ ಜ್ಯೇಷ್ಠವನ್ನು ಹೇಗೆ ದಾಟಿಸಿದೆ ಅನ್ನೋದನ್ನೂ ಹೇಳೋದಿಲ್ಲ, ಅದಕ್ಕೆ ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದೇನೆ.

2025ರ ಎಳ್ಳು ಅಮಾವಾಸ್ಯೆ ಮುಗಿದದ್ದು ಡಿಸೆಂಬರ್ 20ರ ಬೆಳಿಗ್ಗೆ ಏಳರ ನಂತರ. ಡೈರಿ 19, 20 ಎರಡನ್ನೂ ತೋರಿಸಿತು. ಎರಡೂ ದಿನ ನಾನು ಯಾರನ್ನೂ ಕರೆಯಲಿಲ್ಲ, ಕಾರೂ ಮಾಡಲಿಲ್ಲ. ಹಿಂದಿನ ವಾರವೇ ಅಣ್ಣನ ಮಗ ಫೋನ್ ಮಾಡಿದ್ದ: "ಕಾಕಾ, ಚರಗ ಯಾವತ್ತು? ನಿಮ್ಮ ಡೈರಿ ಏನಂತೈತಿ?"